ನನ್ನ ಗಂಡ ಸಾಯುವ ಪಿಕ್ಚರ್‌ಗಳು

ನನ್ನ ಗಂಡ ಮೊದಲ ಸಲ ಸತ್ತು ಮನೆಗೆ ಬಂದ ದಿನ ನಾನು ಹಿತ್ತಲಲ್ಲಿ ಬಟ್ಟೆ ತೆಗೆಯುತ್ತಿದ್ದೆ. ಲಂಡನ್ನಿನ ಎಜ್‌ವೇರ್‌ನಲ್ಲಿ ಬಿಸಿಲು ಬರುವುದೇ ಅಪರೂಪ, ಬಂದ ದಿನ ಇಡೀ ಬೀದಿಯ ಬಟ್ಟೆ ಹೊರಗಿರುತ್ತದೆ. ಪಕ್ಕದ ಗೇಟು ಕಿರ್ರೆಂದಿತು. ತಿರುಗಿ ನೋಡಿದರೆ ಇವರು. ಬಿಳಿ ಶರ್ಟಿನ ಎದೆಯ ಮೇಲೆ ಅಂಗೈಯಗಲ ರಕ್ತ, ಕಿವಿಯ ಹಿಂದೆ ರಕ್ತ, ಮುಖದಲ್ಲಿ ಮಾತ್ರ ಮದುಮಗನ ನಗು. ನನ್ನ ಕೈಯಲ್ಲಿದ್ದ ಬೆಡ್‌ಶೀಟು ಮಣ್ಣಿಗೆ ಬಿತ್ತು.

“ಹೆದರ್ಬೇಡ ಮಾರಾಯ್ತಿ, ಗುಂಡು ಹೊಡ್ದದ್ದು ಅಷ್ಟೆ. ಪಿಕ್ಚರಿನಲ್ಲಿ,” ಎಂದರು.

“ಸತ್ರ್ಯಾ?”

“ಸತ್ತೆ. ಚಂದ ಸತ್ತೆ. ಎಲ್ಲರೂ ಚಪ್ಪಾಳೆ ತಟ್ಟಿದ್ರು.”

ಚಂದ ಸತ್ತರಂತೆ! ಹೇಳಲಿಕ್ಕೆ ನಾಚಿಕೆಯಾದರೂ ಬೇಡವೇ? ಒಳಗೆ ಕಾಲಿಡಲು ಹೊರಟವರನ್ನು ಅಲ್ಲೇ ತಡೆದೆ. “ಹ್ವಾಯ್, ಒಳಗ್ ಬರ್ಬೇಡಿ! ಸತ್ತವ್ರ್ ಮಿಂದ್ಕಂಡೇ ಒಳಗ್ ಬರ್ಕ್!” ನಮ್ಮಲ್ಲಿ ಸಾವಿನ ಮನೆಗೆ ಹೋಗಿ ಬಂದವರೇ ತಲೆಗೆ ನೀರು ಹಾಕಿಕೊಳ್ಳದೆ ಹೊಸಿಲು ದಾಟುವುದಿಲ್ಲ. ಸತ್ತವರೇ ನಡೆದುಕೊಂಡು ಬಂದರೆ ಬಿಡುವುದು ಹೇಗೆ? ಗಿಡಕ್ಕೆ ನೀರು ಹಾಕುವ ಪೈಪು ತೆಗೆದು ನೆತ್ತಿಯಿಂದ ಹಿಡಿದೆ. ಇವರು ಆ ತಣ್ಣೀರಿಗೆ ಕೊಕ್ಕರೆಯ ಹಾಗೆ ಒಂಟಿ ಕಾಲಲ್ಲಿ ಕುಣಿದರು. ಅಂಗಳವೆಲ್ಲ ಕೆಂಪು ನೀರು. ಬೇಲಿಯ ಆಚೆಯಿಂದ ಪಕ್ಕದ ಮನೆಯ ಮಿಸೆಸ್ ಹಾಲೋವೇ ಇಣುಕಿ, “ಎವೆರಿಥಿಂಗ್ ಆಲ್ ರೈಟ್, ಡಿಯರ್?” ಎಂದು ಕೇಳಿದಳು.

“ಹಸ್ಬೆಂಡ್ ಡೈಡ್. ನೌ ಆಲ್ ರೈಟ್,” ಎಂದೆ. ಆ ದಿನದಿಂದ ಅವಳು ನಮ್ಮ ಕಡೆಯ ಕಿಟಕಿಯ ಪರದೆ ತೆಗೆಯುವುದನ್ನೇ ಬಿಟ್ಟಳು.

ಇವರ ಹೆಸರು ಐತಪ್ಪ. ಊರು ಉಡುಪಿ ಹತ್ತಿರದ ಕಟಪಾಡಿ. ನನ್ನದು ಕುಂದಾಪುರ. ಇವರ ಮನೆಯ ತುಳು ನನಗೆ ಅರ್ಥವಾಗುತ್ತಿರಲಿಲ್ಲ, ನನ್ನ ಕನ್ನಡ ಕೇಳಿದರೆ ಇವರ ಅಕ್ಕಂದಿರಿಗೆ ನಗೆ. ಕೊನೆಗೆ ಅವರದ್ದೊಂದು ಕನ್ನಡ, ನನ್ನದೊಂದು ಕನ್ನಡ ಎಂದು ರಾಜಿಯಾಗಿ ಸಂಸಾರ ನಡೆಯಿತು. ಲಂಡನ್ನಿಗೆ ಬಂದ ಮೇಲೆ ಇವರು ವೆಂಬ್ಲಿಯ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ದೋಸೆ ಕಾವಲಿಯ ಮುಂದೆ ನಿಂತವರು, ವರ್ಷಗಟ್ಟಲೆ ಅಲ್ಲೇ ನಿಂತರು.

ಇವರ ಮುಖದ ವಿಷಯ ಹೇಳಲೇಬೇಕು. ಆರಡಿ ಆಳು, ಪೊದೆ ಹುಬ್ಬು, ಸೊಟ್ಟ ಮೂಗು, ಎಡಗೆನ್ನೆಯ ಮೇಲೆ ಉದ್ದಕ್ಕೊಂದು ಗಾಯದ ಕಲೆ. ಕತ್ತಲೆಯಲ್ಲಿ ಎದುರು ಬಂದರೆ ನಾನೇ ಬೆಚ್ಚುತ್ತೇನೆ. ಮೂಗು ಮುರಿದದ್ದು ಹಲಸಿನಹಣ್ಣು ಕೊಯ್ಯಲು ಹೋದಾಗ, ಹಣ್ಣು ಮುಖದ ಮೇಲೇ ಬಿದ್ದು. ಕೆನ್ನೆಯದ್ದು ಒಗ್ಗರಣೆ ಎಣ್ಣೆ ಸಿಡಿದದ್ದು. ಒಳಗೆ ನೋಡಿದರೆ ಬೆಣ್ಣೆ. ಬಚ್ಚಲಿನಲ್ಲಿ ಜೇಡ ಕಂಡರೆ ಲೋಟದಲ್ಲಿ ಹಿಡಿದು, ಹೊರಗೆ ಬಿಟ್ಟು, “ಹೋಗಿ ಬಾ ಮಾರಾಯ” ಎಂದು ಬೀಳ್ಕೊಡುವ ಮನುಷ್ಯ. ಇದೆಲ್ಲ ನನಗೆ ಗೊತ್ತು, ಲಂಡನ್ನಿಗೆ ಗೊತ್ತಿಲ್ಲವಲ್ಲ.

ತೊಂಬತ್ತೆಂಟನೇ ಇಸವಿಯಲ್ಲಿ ಒಂದು ಮಧ್ಯಾಹ್ನ ಹೋಟೆಲಿಗೆ ಮೂಗಿಗೆ ರಿಂಗು ಹಾಕಿಕೊಂಡ ಒಬ್ಬ ಬಿಳಿ ಹುಡುಗಿ ದೋಸೆ ತಿನ್ನಲು ಬಂದಳು. ಪಿಕ್ಚರುಗಳಿಗೆ ಮುಖ ಹುಡುಕಿ ಕೊಡುವುದು ಅವಳ ಕೆಲಸ. ಅಡುಗೆಮನೆಯ ಕಿಂಡಿಯಲ್ಲಿ ಇವರ ಮುಖ ಕಂಡದ್ದೇ ತಡ, ಅರ್ಧ ದೋಸೆ ಬಿಟ್ಟು ಒಳಗೆ ಓಡಿ ಬಂದು, “ಯು ಲುಕ್ ಲೈಕ್ ಎ ಮರ್ಡರರ್!” ಎಂದಳಂತೆ, ನಿಧಿ ಸಿಕ್ಕವಳ ಹಾಗೆ. ಇವರು ಸೌಟು ಕೆಳಗಿಟ್ಟು ಥ್ಯಾಂಕ್ಯೂ ಹೇಳಿದರು.

ಆ ವರ್ಷಗಳಲ್ಲಿ ಲಂಡನ್ನಿನ ರೌಡಿಗಳ ಪಿಕ್ಚರುಗಳು ಮಳೆಗಾಲದ ಅಣಬೆಯ ಹಾಗೆ ಏಳುತ್ತಿದ್ದವು. ಒಂದನ್ನು ನೋಡಿದರೆ ಎಲ್ಲವನ್ನೂ ನೋಡಿದ ಹಾಗೆ. ಮೊದಲಿಗೆ ಕೆಲಸವಿಲ್ಲದ ಒಬ್ಬ ಹುಡುಗ, ಮುಖ ತೋರಿಸದೆ, “ನಾನು ಈ ಗತಿಗೆ ಹೇಗೆ ಬಂದೆ ಗೊತ್ತಾ” ಎಂದು ಹಿಂದಿನಿಂದ ಕತೆ ಶುರು ಮಾಡುತ್ತಾನೆ. ಒಬ್ಬೊಬ್ಬ ರೌಡಿ ಬಂದಾಗಲೂ ಚಿತ್ರ ಗಕ್ಕನೆ ನಿಲ್ಲುತ್ತದೆ, ಅವನ ಹೆಸರು ದೊಡ್ಡ ಅಕ್ಷರದಲ್ಲಿ ಬೀಳುತ್ತದೆ: ಬಾಗಿಲು ಬ್ಯಾರಿ, ಮೂರು ಬೆರಳಿನ ಟೆರ್ರಿ. ನೆಟ್ಟಗೆ ತಂದೆತಾಯಿ ಇಟ್ಟ ಹೆಸರಿನವ ಒಬ್ಬನೂ ಇಲ್ಲ. ಒಂದು ಬ್ಯಾಗು ಇರುತ್ತದೆ, ಅದರ ಹಿಂದೆ ಎರಡು ಮೂರು ಗುಂಪು. ಬ್ಯಾಗು ಇದ್ದವನಿಗೆ ಅದರಲ್ಲಿ ಏನಿದೆ ಗೊತ್ತಿಲ್ಲ, ಗೊತ್ತಿದ್ದವನ ಹತ್ತಿರ ಬ್ಯಾಗಿಲ್ಲ. ದೊಡ್ಡ ರೌಡಿ ಎಂಬವ ಕೋಟು ಹಾಕಿಕೊಂಡು, ಕುರ್ಚಿಗೆ ಕಟ್ಟಿದವನ ಎದುರು ಸಾವಕಾಶ ಚಹಾ ಸೋಸುತ್ತಾ ನಿನ್ನನ್ನು ಹಂದಿಗೆ ಹಾಕುತ್ತೇನೆ ಎನ್ನುತ್ತಾನೆ, ನಡುವೆ ತಾಯಿಯ ಫೋನು ಬಂದರೆ ಮಾತ್ರ ಮಗುವಾಗುತ್ತಾನೆ. ಬೈಗುಳವಿಲ್ಲದೆ ಒಂದು ಲೋಟ ನೀರೂ ಕೇಳುವುದಿಲ್ಲ ಪುಣ್ಯಾತ್ಮರು. ಪೊಲೀಸರಂತೂ ಇಲ್ಲವೇ ಇಲ್ಲ. ನಮ್ಮ ಬೀದಿಯಲ್ಲಿ ಕಾರು ಒಂದಿಷ್ಟು ಅಡ್ಡ ನಿಲ್ಲಿಸಿದರೆ ಕೌನ್ಸಿಲ್‌ನವನು ಓಡಿ ಬಂದು ದಂಡದ ಚೀಟಿ ಅಂಟಿಸುತ್ತಾನೆ. ಅಲ್ಲಿ ನಡುಹಗಲು ಬಂದೂಕು ಹಾರಿಸಿದರೂ ಕೇಳುವವರಿಲ್ಲ.

ಇವರ ಕೆಲಸ ದೊಡ್ಡ ರೌಡಿಯ ಹಿಂದೆ ಕೈಕಟ್ಟಿ ನಿಲ್ಲುವುದು. ಮಾತಿಲ್ಲ. ಆಮೇಲೆ ಎದುರು ಪಾರ್ಟಿಯವರು ಎಷ್ಟು ಕ್ರೂರಿಗಳು ಎಂದು ಜನರಿಗೆ ತೋರಿಸಬೇಕಲ್ಲ, ಅದಕ್ಕೊಂದು ಹೆಣ ಬೇಕು. ಹೀರೋನನ್ನು ಕೊಲ್ಲುವ ಹಾಗಿಲ್ಲ, ದೊಡ್ಡ ರೌಡಿ ಕೊನೆಯವರೆಗೆ ಬೇಕು. ಸರಿ, ಹಿಂದೆ ನಿಂತ ಐತಪ್ಪ ಇದ್ದಾನಲ್ಲ, ಮುಗಿಸಿ! ಮೊದಲನೆಯದರಲ್ಲಿ ಗುಂಡು, ಎರಡನೆಯದರಲ್ಲಿ ಕಾರಿನ ಡಿಕ್ಕಿ, ಮೂರನೆಯದರಲ್ಲಿ ಪಬ್ಬಿನ ಕಕ್ಕಸು.

ಇನ್ನೊಂದು ಹೇಳಬೇಕು. ಇವರು ಸಾಯುವುದರಲ್ಲಿ ನಿಜಕ್ಕೂ ಗಟ್ಟಿಗರು. ಊರಲ್ಲಿದ್ದಾಗ ಯಕ್ಷಗಾನದಲ್ಲಿ ಸಣ್ಣಪುಟ್ಟ ರಾಕ್ಷಸ ವೇಷ ಕಟ್ಟುತ್ತಿದ್ದರು. ಯಕ್ಷಗಾನದ ರಾಕ್ಷಸ ಬಾಣ ತಾಗಿದ ಕೂಡಲೇ ದೊಪ್ಪನೆ ಬಿದ್ದರೆ ಜನ ಎದ್ದು ಹೋಗುತ್ತಾರೆ. ರಂಗಸ್ಥಳ ಸುತ್ತಬೇಕು, ಮೀಸೆ ತಿರುವಬೇಕು, ಬೀಳಬೇಕು, ಏಳಬೇಕು, ಚೆಂಡೆಯವನ ಕೈ ಸೋಲಬೇಕು. ಇಲ್ಲೂ ಡೈರೆಕ್ಟರು “ಸುಮ್ಮನೆ ಬೀಳು” ಎಂದರೆ ಇವರು ಎದೆ ಹಿಡಿದು ಗೋದಾಮು ಒಂದು ಸುತ್ತು ಬಂದು, ಕಂಬಕ್ಕೆ ಒರಗಿ, ಕೊಂದವನನ್ನು ‘ಆಗಲಿ ಮಗನೇ’ ಎಂಬಂತೆ ನೋಡಿ, ಆಮೇಲೆ ಜಾರುವುದು. ಆ ದೃಶ್ಯ ಕತ್ತರಿಸಿ ಎಸೆಯಲು ಯಾರಿಗೂ ಮನಸ್ಸು ಬರುತ್ತಿರಲಿಲ್ಲವಂತೆ.

ಮೂರನೆಯ ಪಿಕ್ಚರಿಗೆ ಇವರು ನಮ್ಮನ್ನು ಹ್ಯಾರೋದ ಟಾಕೀಸಿಗೆ ಕರೆದುಕೊಂಡು ಹೋದರು. ನನ್ನನ್ನು, ಮಗಳು ಪ್ರೇಕ್ಷಾಳನ್ನು. ಕಕ್ಕಸಿನ ನೆಲದಲ್ಲಿ ಇವರು ಕಣ್ಣು ತೆರೆದುಕೊಂಡೇ ಬಿದ್ದಿದ್ದರು. ಕಣ್ಣು ಮಿಟುಕಲಿಲ್ಲ. ಆ ಕಣ್ಣು ಪರದೆಯ ತುಂಬ, ನನ್ನನ್ನೇ ನೋಡುತ್ತಿತ್ತು. ಎದ್ದು ನಿಂತು, “ಅಯ್ಯೋ ದೇವ್ರೇ, ಯಾರಾದ್ರೂ ಒಂದ್ ಹನಿ ನೀರ್ ಹಾಕಿ ಅವ್ರ ಬಾಯಿಗೆ!” ಎಂದು ಕಿರುಚಿದೆ.

“ಮಮ್! ಹೀ ಈಸ್ ಸಿಟಿಂಗ್ ನೆಕ್ಸ್ಟ್ ಟು ಯು!” ಎಂದು ಪ್ರೇಕ್ಷಾ ಸೆರಗು ಎಳೆದಳು. ಇವರು ಪಾಪ್‌ಕಾರ್ನ್ ಡಬ್ಬಿ ಹಿಡಿದುಕೊಂಡು ನನ್ನನ್ನು ನೋಡುತ್ತಿದ್ದರು. ಟಾರ್ಚಿನವನು ಬಂದು ನಮ್ಮನ್ನು ಹೊರಗೆ ಬಿಟ್ಟ.

ಮನೆಗೆ ಬಂದು ಇವರು ನಗಾಡಿದರು. ನನಗೆ ಮೈಯೆಲ್ಲ ಉರಿಯಿತು. “ನಗುದ್ ಬ್ಯಾಡ. ನಂಗ್ ಹೆದ್ರಿಕೆ ಆತ್ತ್. ಈ ಊರಂಗೆ ನಂಗ್ ಯಾರಿದ್ರ್ ಹೇಳಿ? ನಾಳೆ ನಿಜಕ್ಕೂ ಹಾಂಗೇ ಬಿದ್ರೆ, ಇದ್ ಆಟ ಅಂದ್ಕಂಡ್ ನಾನ್ ಸುಮ್ನೆ ಕೂಕಣ್ಕಾ?” ಎಂದವಳಿಗೆ ಅಳು ಬಂದುಬಿಟ್ಟಿತು.

ಇವರ ನಗು ನಿಂತಿತು. “ಅಲ್ಲ ಪುಷ್ಪಾ, ಕಾಗೆ ತಲೆಗೆ ತಾಗಿದ್ರೆ ಊರಲ್ಲಿ ಸತ್ತ ಅಂತ ಸುಳ್ಳು ಸುದ್ದಿ ಕಳಿಸುದಿಲ್ವಾ? ನೆಂಟರು ಅತ್ರೆ ದೋಷ ಹೋಗ್ತದೆ, ಆಯಸ್ಸು ಗಟ್ಟಿ ಆಗ್ತದೆ. ಇದೂ ಹಾಗೇ. ನಾನು ನೂರು ವರ್ಷ ಇರ್ತೇನೆ ನೋಡು,” ಎಂದರು.

“ಅದ್ ಒಂದ್ ಸಲಕ್ಕೆ. ನಿಮ್ದ್ ದಿನಾ ಕಾಗೆ!” ಎಂದೆ. ಕೊನೆಗೆ ಮಾತಿಗೆ ಮಾತು ಬೆಳೆದು ಒಂದು ತೀರ್ಮಾನಕ್ಕೆ ಬಂದೆವು. ಮುಂದಿನ ಪಿಕ್ಚರಿನಲ್ಲಿ ಕೊನೆಯವರೆಗೆ ಜೀವಂತ ಉಳಿದರೆ ಇವರು ಪಿಕ್ಚರು ಮಾಡುತ್ತಾ ಇರಬಹುದು. ಅದರಲ್ಲೂ ಸತ್ತರೆ ಅಲ್ಲಿಗೆ ನಿಲ್ಲಿಸಬೇಕು, ದೋಸೆ ಕಾವಲಿಯೇ ಗತಿ. ಇವರು ಮಗಳ ತಲೆ ಮುಟ್ಟಿ ಆಣೆ ಮಾಡಿದರು. ಪ್ರೇಕ್ಷಾ “ಯೂ ಟು ಆರ್ ಸೋ ವಿಯರ್ಡ್” ಎಂದು ಮೇಲೆ ಹೋದಳು.

ಇವರನ್ನು ಬದುಕಿಸುವುದು ಹೇಗೆಂದು ತಿಳಿಯದೆ ನಾನು ಸ್ಟ್ಯಾನ್ಮೋರ್‌ನ ಶೋಭಾ ಹತ್ತಿರ ಹೋದೆ. ಬೆಂಗಳೂರಿನವರು, ಗಂಡ ನಾರಾಯಣಸ್ವಾಮಿ ಕ್ಯಾನರಿ ವಾರ್ಫ್‌ನ ಬ್ಯಾಂಕೊಂದರಲ್ಲಿ ಕಂಪ್ಯೂಟರ್ ಕೆಲಸ, ಮನೆಯಲ್ಲಿ ಗೋಡೆಯಗಲ ಟೀವಿ. ವಿಡಿಯೋ ಅಂಗಡಿಯಿಂದ ರೌಡಿ ಪಿಕ್ಚರುಗಳನ್ನೆಲ್ಲ ಹೊತ್ತು ತಂದು, ಅವರೆಕಾಳು ಸುಲಿಯುತ್ತಾ, ಯಾರು ಸಾಯುತ್ತಾರೆ ಯಾರು ಉಳಿಯುತ್ತಾರೆ ಎಂದು ನೋಡುತ್ತಾ ಕೂತೆವು. ‘ಇದೊಂದು ಕೆಲಸ ಮುಗಿಸಿ ಸ್ಪೇನಿಗೆ ಹೋಗ್ತೇನೆ’ ಎಂದವನು ಖಂಡಿತ ಸಾಯುತ್ತಾನೆ. ಮಗುವಿನ ಫೋಟೋ ತೋರಿಸಿದವನು ಸಾಯುತ್ತಾನೆ. ಹೀರೋನ ಜೀವದ ಗೆಳೆಯ, ಪಾಪ, ಒಳ್ಳೆಯ ಜೋಕು ಹೇಳಿದ ಮರುಗಳಿಗೆ ಸಾಯುತ್ತಾನೆ. ಸುಮ್ಮನೆ ನಿಂತವರನ್ನಂತೂ ಕೇಳಲೇ ಬೇಡಿ. ಅವರೆಕಾಳು ಮುಗಿಯಿತು, ದಾರಿ ಕಾಣಲಿಲ್ಲ.

ಆಗ ಶೋಭಾ, “ಪುಷ್ಪಾ, ಒಂದ್ ವಿಷ್ಯ ನೋಡಿದ್ರಾ? ನಾಯಿ ಸಾಯ್ತಾ ಇಲ್ಲ ಕಣ್ರೀ!” ಎಂದಳು.

ಹೌದಲ್ಲ! ಎಲ್ಲವನ್ನೂ ತಿರುಗಿಸಿ ಹಾಕಿ ನೋಡಿದೆವು. ಅರ್ಧ ಲಂಡನ್ ಸತ್ತರೂ ರೌಡಿಯ ನಾಯಿ ಮಾತ್ರ ಕೊನೆಯಲ್ಲಿ ಬಾಲ ಅಲ್ಲಾಡಿಸುತ್ತಾ ಇತ್ತು. ಮನುಷ್ಯರನ್ನು ಗರಗಸದಲ್ಲಿ ಕೊಯ್ದರೂ ಈ ಇಂಗ್ಲಿಷರು ಬಿಸ್ಕೀಟು ತಿನ್ನುತ್ತಾ ನೋಡುತ್ತಾರೆ, ನಾಯಿಗೆ ಒಂದು ಏಟು ಬಿದ್ದರೆ ಪೇಪರಿಗೆ ಕಾಗದ ಬರೆಯುತ್ತಾರೆ. “ನಿಮ್ಮ ಯಜಮಾನ್ರನ್ನ ನಾಯಿ ಪಕ್ಕ ನಿಲ್ಸಿಬಿಡಿ ಅಷ್ಟೇ,” ಎಂದಳು ಶೋಭಾ.

ನಾಲ್ಕನೆಯ ಪಿಕ್ಚರಿನಲ್ಲಿ ಪುಣ್ಯಕ್ಕೆ ನಾಯಿ ಇತ್ತು. ದೊಡ್ಡ ರೌಡಿಯದ್ದು, ಡಚೆಸ್ ಅಂತ ಹೆಸರು, ಬಿಳಿ ಹೆಣ್ಣುನಾಯಿ, ಮುಖ ಮಂಗಳೂರು ಸೌತೆಯ ಹಾಗೆ. ಆದರೆ ಇವರಿಗೆ ನಾಯಿ ಎಂದರೆ ಜೀವಭಯ. ನಾಯಿ ಬಂದರೆ ರಸ್ತೆಯ ಆಚೆ ದಾಟಿ ಹೋಗುವವರು, ಆ ನಾಯಿಗೆ ಕೊಡೆಯಷ್ಟೇ ಎತ್ತರ ಇದ್ದರೂ. ನಾಯಿ ಪಕ್ಕ ನಿಲ್ಲಿ ಎಂದರೆ ಕೇಳುವವರಲ್ಲ. ಹಾಗಾಗಿ ಕೇಳಲೇ ಇಲ್ಲ. ಸಣ್ಣ ಪಾತ್ರದವರು ತಮ್ಮದೇ ಕೋಟು ಹಾಕಿಕೊಂಡು ಬರಬೇಕಿತ್ತು. ಶೂಟಿಂಗಿನ ಹಿಂದಿನ ದಿನ ಇವರ ಕಪ್ಪು ಕೋಟಿನ ಒಳಬಟ್ಟೆ ಬಿಚ್ಚಿ, ನನ್ನ ತಮ್ಮ ಊರಿಂದ ತಂದುಕೊಟ್ಟಿದ್ದ ಒಣ ಸಿಗಡಿಯನ್ನು ಎರಡು ಮುಷ್ಟಿ ಸುರಿದು ಹೊಲಿದೆ. ಚಟ್ನಿಗೆ ಇಟ್ಟಿದ್ದ ಸಿಗಡಿ! ಕರುಳು ಕಿತ್ತು ಬಂತು. ಗಂಡನ ಜೀವಕ್ಕಿಂತ ಹೆಚ್ಚಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಮರುದಿನ ಬಾಳೆಹಣ್ಣು ಕಲಸಿದ ಬನ್ಸ್ ಕರಿದುಕೊಂಡು ನಾನೂ ಜೊತೆಗೆ ಹೊರಟೆ. ಕ್ಯಾನರಿ ವಾರ್ಫ್‌ನ ಗಾಜಿನ ಕಟ್ಟಡಗಳ ಹಿಂದೆ, ನದಿಯ ಬದಿಯ ಪಾಳು ಗೋದಾಮು. ರೈಲಿನಲ್ಲಿ ನಮ್ಮ ಪಕ್ಕ ಯಾರೂ ಕೂರಲಿಲ್ಲ. “ಎಂತದೋ ವಾಸನೆ,” ಎಂದು ಇವರು ಮೂಸುತ್ತಲೇ ಇದ್ದರು. ಥೇಮ್ಸ್ ನದಿಯದ್ದು ಎಂದೆ.

ಡೈರೆಕ್ಟರು ಟೋಬಿ ಎಂಬ ಹುಡುಗ. ಎಲ್ಲರ ಎದುರು ಮೀನು ಮಾರುಕಟ್ಟೆಯಲ್ಲಿ ಹುಟ್ಟಿದವನ ಹಾಗೆ ಬೈಯುತ್ತಾ ಓಡಾಡುತ್ತಿದ್ದ. ಮೂಲೆಗೆ ಹೋಗಿ ಮೊಬೈಲಿನಲ್ಲಿ “ಯೆಸ್ ಮಮ್ಮಿ, ನೋ ಮಮ್ಮಿ” ಎನ್ನುವಾಗ ಮಾತ್ರ ರಾಣಿಯ ಮೊಮ್ಮಗನೇ. ಅವನ ಕೈಗೆ ಬನ್ಸ್ ಕೊಟ್ಟು, “ಸರ್, ಪ್ಲೀಸ್, ಡೋಂಟ್ ಕಿಲ್ ಮೈ ಹಸ್ಬೆಂಡ್,” ಎಂದೆ. ಅವನು, “ಸಾರಿ ಲವ್, ಈ ಪಿಕ್ಚರಿನಲ್ಲಿ ಎಲ್ಲರೂ ಸಾಯ್ತಾರೆ,” ಎಂದು ಇಂಗ್ಲಿಷಿನಲ್ಲಿ ಹೇಳಿ ಬನ್ಸ್ ಮಾತ್ರ ತಿಂದ.

ಕ್ಯಾಮೆರಾ ಓಡಿತು. ಢಂ ಎಂದಿತು. ಇವರು ಎದೆ ಹಿಡಿದರು, ಒಂದು ಸುತ್ತು ಬಂದರು, ಕಂಬಕ್ಕೆ ಒರಗಿದರು, ಜಾರಿದರು. ಅಷ್ಟರಲ್ಲಿ ಡಚೆಸ್ ಹಗ್ಗ ಕಿತ್ತುಕೊಂಡು ಬಂದು, ಹೆಣದ ಎದೆಯ ಮೇಲೆ ಹತ್ತಿ ಕೂತು, ಕೋಟು ನೆಕ್ಕತೊಡಗಿತು. ಹೆಣ “ಅಯ್ಯಯ್ಯೋ ಅಮ್ಮಾ” ಎಂದು ಎದ್ದು ಓಡಿ ಡ್ರಮ್ಮಿನ ಮೇಲೆ ಹತ್ತಿ ನಿಂತಿತು.

ಇನ್ನೊಮ್ಮೆ ತೆಗೆದರು. ಇನ್ನೊಮ್ಮೆ ಡ್ರಮ್ಮು. ನಾಯಿಯನ್ನು ಹೊರಗೆ ಕಟ್ಟಿದರು, ಅದು ಊಳಿಟ್ಟು ಊಳಿಟ್ಟು ಧ್ವನಿ ಹಿಡಿಯುವವನು ಕಿವಿಯಿಂದ ಯಂತ್ರ ಕಿತ್ತು ಎಸೆದ. ಒಳಗೆ ಬಿಟ್ಟರೆ ಇವರನ್ನು ಬಿಟ್ಟು ಕದಲುವುದಿಲ್ಲ. ಟೋಬಿ ತಲೆಯ ಮೇಲೆ ಕೈಹೊತ್ತು ಕೂತ. ನಾನು ಇನ್ನೊಂದು ಬನ್ಸ್ ಕೊಟ್ಟು, “ಡಾಗ್ ಲೈಕಿಂಗ್ ಹಿಮ್, ಸರ್. ಡಾಗ್ ಈಸ್ ಕ್ರೈಯಿಂಗ್. ಪೀಪಲ್ ಆಲ್ಸೋ ಕ್ರೈಯಿಂಗ್,” ಎಂದೆ. ಅವನು ಬನ್ಸ್ ಅಗಿಯುತ್ತಾ ಇವರನ್ನು ನೋಡಿದ, ನಾಯಿಯನ್ನು ನೋಡಿದ. ಕತೆ ಅಲ್ಲೇ ಬದಲಾಯಿತು. ಉಳಿದವರೆಲ್ಲ ಸಾಯುವುದು, ಇವರೂ ನಾಯಿಯೂ ಮಾತ್ರ ಕೊನೆಯಲ್ಲಿ, ಉದ್ದದ ಹಗ್ಗದ ಎರಡು ತುದಿಯಲ್ಲಿ, ನದಿಯ ದಂಡೆಯಲ್ಲಿ ನಡೆದು ಹೋಗುವುದು. ನಾನು ಗೋದಾಮಿನ ಮೂಲೆಗೆ ಹೋಗಿ ಕೊಲ್ಲೂರಿನ ದಿಕ್ಕು ಯಾವುದೋ ತಿಳಿಯದೆ ಎಲ್ಲ ದಿಕ್ಕಿಗೂ ಕೈಮುಗಿದೆ.

ಮುಂದಿನ ವರ್ಷ ಪಿಕ್ಚರು ಬಂತು. ಭಾನುವಾರದ ಮಧ್ಯಾಹ್ನದ ಆಟಕ್ಕೆ ನಮ್ಮ ಕನ್ನಡದವರೇ ಒಂದು ಸಾಲು ಹಿಡಿದಿದ್ದರು. ಒಬ್ಬೊಬ್ಬರೇ ಸಾಯುತ್ತಾ ಹೋದರು, ಇವರು ಸಾಯಲಿಲ್ಲ. ಕೊನೆಗೆ ಬ್ಯಾಗು ನೀರಿಗೆ ಬಿತ್ತು, ಇವರೂ ನಾಯಿಯೂ ನಡೆದು ಹೋದರು, ದೀಪ ಹತ್ತಿತು. ನಾನು ಎದ್ದು ನಿಂತು ಚಪ್ಪಾಳೆ ಹೊಡೆದೆ. ಪ್ರೇಕ್ಷಾ ಈ ಸಲ ಸೆರಗು ಎಳೆಯಲಿಲ್ಲ.

ಹೊರಗೆ ಬಂದಾಗ ನಾರಾಯಣಸ್ವಾಮಿ, “ನಾಯಿ ಆಕ್ಟಿಂಗ್ ಸೂಪರ್ ಸಾರ್! ಟ್ರೈನಿಂಗ್ ಎಲ್ಲಿ ಕೊಡ್ತಾರೆ?” ಎಂದು ಇವರ ಕೈ ಕುಲುಕಿದರು. ಇನ್ನೊಬ್ಬರು ನಾಯಿಯ ವಯಸ್ಸು ಕೇಳಿದರು. ದಾವಣಗೆರೆ ಕಡೆಯ ಬಸವಂತಪ್ಪ ಎಂಬ ಹಿರಿಯರು ಇವರ ಭುಜ ತಟ್ಟಿ, “ಐತಪ್ಪನೋರೆ, ನೀವು ಯಾವ ಸೀನ್‌ನಾಗ ಬಂದ್ರಿ? ನಾ ಕಾಣ್ಲಿಲ್ಲ ನೋಡ್ರಿ,” ಎಂದರು. ಪಿಕ್ಚರಿನ ಉದ್ದಕ್ಕೂ ಇದ್ದ ಮನುಷ್ಯನನ್ನು!

“ನಾಯಿ ಹಿಡ್ಕೊಂಡವ ನಾನೇ,” ಎಂದು ಇವರು ನಕ್ಕರು. ಆ ನಗು ನನಗೆ ಹಿಡಿಸಲಿಲ್ಲ. ಹಿಂದಿನ ಪಿಕ್ಚರುಗಳಾದ ಮೇಲೆ ಇದೇ ಜನ ಇವರನ್ನು ಬಿಡುತ್ತಿರಲಿಲ್ಲ, ಮಕ್ಕಳು ಸುತ್ತುಗಟ್ಟಿ ‘ಅಂಕಲ್, ಡೈ, ಡೈ’ ಎಂದು ಪೀಡಿಸುತ್ತಿದ್ದರು.

ಮನೆಗೆ ಬಂದು ಇವರು ಬೀನ್ಸ್ ಹೆಚ್ಚಲು ಕೂತರು. ನನಗೆ ತಡೆಯಲಿಲ್ಲ. “ಬದ್ಕಿ ಬಂದ್ರಿ ಅಲ್ದಾ, ಖುಷಿ ಪಡುಕ್ ಆತಿಲ್ಯಾ?” ಎಂದೆ.

ಇವರು ತಲೆ ಎತ್ತಲಿಲ್ಲ. “ನೀನು ಖುಷಿ ಆದದ್ದು ನೋಡಿ ನಂಗೂ ಖುಷಿಯೇ. ಆದ್ರೆ ಪುಷ್ಪಾ, ಬದುಕಿ ಇರುದು ನಂಗೆ ಬರುದಿಲ್ಲ ಮಾರಾಯ್ತಿ. ನಿಂತದ್ದು ಮಾತ್ರ. ದಿನಾ ಹೋಟೆಲಿನಲ್ಲಿ ನಿಲ್ತೇನೆ, ಅಲ್ಲಿಯೂ ನಿಂತೆ. ಸಾಯ್ಲಿಕ್ಕೆ ಕೊಟ್ರೆ ಉಂಟಲ್ಲ, ಆ ಒಂದು ಗಳಿಗೆ ಇಡೀ ಪಿಕ್ಚರ್ ನಂದು.”

ಆಗಲೇ ಫೋನು ಬಂತು. ಮೂಗಿನ ರಿಂಗಿನ ಹುಡುಗಿ, ಹೊಸ ಪಿಕ್ಚರು. ಇವರು ಕೇಳುತ್ತಾ ಕೇಳುತ್ತಾ ಒಮ್ಮೆ ನೆಟ್ಟಗೆ ಕೂತರು. “ಫ್ರಮ್ ದ ರೂಫ್?” ಎಂದರು. ಕಣ್ಣು ಹೊಳೆಯಿತು. ಆಮೇಲೆ ನನ್ನ ಕಡೆ ನೋಡಿ, ದನಿ ಇಳಿಸಿ, “ನೋ ನೋ. ವೈಫ್ ನಾಟ್ ಲೈಕಿಂಗ್. ನೋ ಡೈಯಿಂಗ್ ನೌ,” ಎಂದರು.

ನನಗೆ ಹೆದರಿಕೆ ಹೋಗಿರಲಿಲ್ಲ. ಇವತ್ತಿಗೂ ಹೋಗಿಲ್ಲ. ಆದರೆ ನನಗೋಸ್ಕರ ಈ ಮನುಷ್ಯ ಹೀಗೆ ಬೀನ್ಸ್ ಹೆಚ್ಚುತ್ತಾ ಬದುಕಿಕೊಂಡಿರುವುದನ್ನು ನೋಡಲು ನನ್ನಿಂದಾಗಲಿಲ್ಲ. ಫೋನು ಕಸಿದುಕೊಂಡೆ.

“ಹಲೋ, ಐ ಆಮ್ ವೈಫ್. ಹಿ ವಿಲ್ ಡೈ,” ಎಂದೆ. “ಬಟ್ ಒನ್ ಥಿಂಗ್. ನಾಟ್ ಕ್ವಿಕ್ ಡೈ. ಯು ಗಿವ್ ಹಿಮ್ ಫುಲ್ ಟೈಮ್. ಅಂಡ್ ನೋ ಡಾಗ್.”

ಇವರು ಚಾಕು ಹಿಡಿದುಕೊಂಡೇ ನನ್ನನ್ನು ನೋಡುತ್ತಾ ಕೂತಿದ್ದರು. ಆ ರಾಕ್ಷಸ ಮುಖದ ತುಂಬ ನೀರು.

“ಎಂತ ಕಾಂತ್ರಿ?” ಎಂದು ಗದರಿದೆ. “ಈ ಸಲ ಚಂದ ಮಾಡಿ ಸಾಯ್ಕ್, ಗೊತ್ತಾಯ್ತಾ?”